ಖಾಲಿ ಇದ್ದರೆ ಲಾಭವೇ?

ಕಳೆದ ತಿಂಗಳು ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಪ್ರಯೋಗಾಲಯಕ್ಕೆ ಬೀಗ ಹಾಕುತ್ತಿದ್ದೆ. ನಮ್ಮಲ್ಲೇ ಎಸ್.ಎಸ್.ಎಲ್.ಸಿ. ಮುಗಿಸಿ ಈಗ ಮೊದಲನೇ ಪಿ.ಯು.ಸಿ. ಓದುತ್ತಿರುವ ಹುಡುಗನೊಬ್ಬ ತನ್ನ ತಂದೆಯೊಡನೆ ಬಂದು ನಿಂತ. ತಂದೆ ಹಿಟ್ಟಿನ ಗಿರಣಿ ನಡೆಸುವವರು. ಅಂಗಿಯ ತೋಳಿನ ಮೇಲೆ ಇನ್ನೂ ರಾಗಿಹಿಟ್ಟು ಅಂಟಿತ್ತು. ಮುಖದ ಮೇಲೆ ಸಿಟ್ಟೂ ಇತ್ತು.

"ಮೇಷ್ಟ್ರೇ, ಇವನು ಓದಿಕೊಳ್ಳಲಿ ಅಂತ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತೆಗೆದುಕೊಟ್ಟೆ. ಇವನು ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಲಿನಕ್ಸೋ ಗಿನಕ್ಸೋ ಹಾಕಿಕೊಂಡಿದ್ದಾನೆ. ಈಗ ಮೆಮೊರಿಯೆಲ್ಲ ಖಾಲಿಯಂತೆ. ಅಂಗಡಿಯವರು ಇನ್ನೊಂದು ರ್‍ಯಾಮ್ ಹಾಕಿಸಿ, ಎರಡು ಸಾವಿರದ ಎಂಟುನೂರು ಆಗುತ್ತೆ ಅಂದ್ರು. ಇಲ್ಲಾಂದ್ರೆ ಆ ಲಿನಕ್ಸ್ ತೆಗೆಸಿಬಿಡಿ, ಅದೇ ಎಲ್ಲ ತಿನ್ನುತ್ತಿದೆ ಅಂತಾರೆ. ಏನು ಮಾಡೋದು ನೀವೇ ಹೇಳಿ."

ಹುಡುಗ ತಲೆ ತಗ್ಗಿಸಿಕೊಂಡೇ ಒಂದು ಚೀಟಿ ಮುಂದೆ ಹಿಡಿದ. ಲಿನಕ್ಸ್‌ನಲ್ಲಿ 'ಫ್ರೀ' ಎಂಬ ಒಂದು ಆದೇಶವಿದೆ. ಟರ್ಮಿನಲ್ಲಿನಲ್ಲಿ ಅದನ್ನು ಟೈಪ್ ಮಾಡಿದರೆ ಮೆಮೊರಿಯ ಲೆಕ್ಕ ಬರುತ್ತದೆ. ಅದನ್ನು ಅವನು ಮೆಗಾಬೈಟುಗಳಲ್ಲಿ ಬರೆದುಕೊಂಡು ಬಂದಿದ್ದ. ಒಟ್ಟು 3800, ಬಳಕೆಯಲ್ಲಿ 1120, ಖಾಲಿ 180, ಬಫ್/ಕ್ಯಾಶ್ 2500, ಲಭ್ಯ 2380. ಅಂಗಡಿಯವರು ನೋಡಿದ್ದು ಮೂರನೆಯ ಅಂಕಿಯನ್ನು ಮಾತ್ರ. ಮೂರು ಸಾವಿರದ ಎಂಟುನೂರರಲ್ಲಿ ಉಳಿದಿರುವುದು ನೂರ ಎಂಬತ್ತು ಎಂದರೆ ಯಾರಿಗಾದರೂ ಗಾಬರಿಯೇ.

ತಂದೆ ಚೀಟಿಯತ್ತ ಬಗ್ಗಿ, "ಇದೇನು ಮೇಷ್ಟ್ರೇ ಕ್ಯಾಶು? ಇದರೊಳಗೂ ನಗದು ವ್ಯವಹಾರವೇ?" ಎಂದು ಕೇಳಿದರು. ನಗು ಬಂತು, ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಈ ಕ್ಯಾಶ್ ನಗದಲ್ಲ. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಮುಂದೆ ಬೇಕಾದೀತೆಂದು ಕೈಗೆ ಸಿಗುವ ಹಾಗೆ ಎತ್ತಿಟ್ಟುಕೊಂಡ ದಾಸ್ತಾನು ಎಂದು ತಿಳಿಯಬಹುದು. ಹುಡುಗನ ಮೇಲಿನ ಅಪವಾದ ಹೋಗಬೇಕಾದರೆ ಆ 2500 ಏನೆಂಬುದು ಇತ್ಯರ್ಥವಾಗಬೇಕಿತ್ತು.

ನಮ್ಮ ಮಾತಿನಲ್ಲಿ 'ಖಾಲಿ' ಎಂಬುದು ಸ್ವಲ್ಪ ಮೋಸದ ಪದ. ಬಸ್ಸಿನಲ್ಲಿ ಸೀಟು ಖಾಲಿ ಎಂದರೆ ಸಂತೋಷ, ಮನೆಯಲ್ಲಿ ಗ್ಯಾಸು ಖಾಲಿ ಎಂದರೆ ಸಂಕಟ. ಮೆಮೊರಿ ಖಾಲಿ ಎಂದಾಗ ಇವೆರಡರಲ್ಲಿ ಯಾವುದು? ಗಿರಣಿಯವರು ಹೇಳಿದ್ದು ಗ್ಯಾಸಿನ ಖಾಲಿ. ಚೀಟಿಯಲ್ಲಿದ್ದದ್ದು ಸೀಟಿನ ಖಾಲಿ. ಆದರೆ ಮೆಮೊರಿ ಗ್ಯಾಸಿನ ಹಾಗೆ ಉರಿದುಹೋಗುವ ವಸ್ತುವಲ್ಲ. ಬಳಸದೆ ಬಿಟ್ಟರೆ ನಾಳೆಗೆ ಉಳಿಯುವುದೂ ಇಲ್ಲ. ಸುಮ್ಮನೆ ಬಿದ್ದಿರುವ ಮೆಮೊರಿಗೂ ಬಳಕೆಯಲ್ಲಿರುವ ಮೆಮೊರಿಗೂ ಕರೆಂಟು ಹೆಚ್ಚುಕಡಿಮೆ ಅಷ್ಟೇ ಬೇಕು. ಹಾಗಿರುವಾಗ ಅದನ್ನು ಬರಿದಾಗಿ ಬಿಡುವುದೇಕೆ ಎಂಬುದು ಲಿನಕ್ಸ್‌ನ ಧೋರಣೆ.

ನಾನು ಬೀಗ ತೆಗೆದು ಇಬ್ಬರನ್ನೂ ಒಳಗೆ ಕೂರಿಸಿ ಕರಿಹಲಗೆಯನ್ನೇ ತೋರಿಸಿದೆ. ನೀವೂ ನಿಮ್ಮ ತರಗತಿಯ ಕರಿಹಲಗೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಹಲಗೆಯೇ ರ್‍ಯಾಮ್. ಗ್ರಂಥಾಲಯದ ಕಪಾಟಿನಲ್ಲಿರುವ ಪುಸ್ತಕಗಳು ಹಾರ್ಡ್ ಡಿಸ್ಕ್. ಮೇಷ್ಟರು, ಅಂದರೆ ಲಿನಕ್ಸ್‌ನ ತಿರುಳಾದ ಕರ್ನೆಲ್, ಪಾಠಕ್ಕೆ ಬೇಕಾದ ಚಿತ್ರವನ್ನು ಪುಸ್ತಕದಿಂದ ನೋಡಿ ಹಲಗೆಯ ಮೇಲೆ ಬರೆಯುತ್ತಾರೆ. ಪಾಠ ಮುಗಿಯಿತು. ಚಿತ್ರವನ್ನು ತಕ್ಷಣ ಒರೆಸಬೇಕೇ? ಮುಂದಿನ ಪಿರಿಯಡ್ಡಿನವರಿಗೂ ಅದೇ ಚಿತ್ರ ಬೇಕಾಗಬಹುದು. ಜಾಗ ಬೇಕೆಂದು ಯಾರೂ ಕೇಳಿಲ್ಲ. ಹಾಗಾದರೆ ಇರಲಿ ಬಿಡಿ. ಯಾರಾದರೂ ಜಾಗ ಕೇಳಿದ ಕ್ಷಣ ಡಸ್ಟರ್ ಆಡಿಸಿದರಾಯಿತು, ಮೂಲ ಹೇಗೂ ಪುಸ್ತಕದಲ್ಲಿದೆ. ಹೀಗೆ ಒರೆಸದೆ ಉಳಿಸಿಕೊಂಡ ಬರವಣಿಗೆಗೆ ಪೇಜ್ ಕ್ಯಾಶ್ ಎಂದು ಹೆಸರು. ಹುಡುಗನ ಚೀಟಿಯ 2500ರಲ್ಲಿ ಬಹುಪಾಲು ಅದೇ.

ಇಷ್ಟೊಂದು ಉಳಿಸಿಕೊಳ್ಳುವ ಆಸೆ ಯಾಕೆಂದು ತಿಳಿಯಬೇಕಾದರೆ ವೇಗದ ಲೆಕ್ಕ ನೋಡಬೇಕು. ರ್‍ಯಾಮ್‌ನಿಂದ ಒಂದು ಮಾಹಿತಿ ತರಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕಿನಲ್ಲಿ ಸರಿಯಾದ ಜಾಗ ಹುಡುಕಿ ಓದಲು ಸುಮಾರು 10 ಮಿಲಿಸೆಕೆಂಡು ಬೇಕು. ಭಾಗಿಸಿ ನೋಡಿ, ಒಂದು ಲಕ್ಷ ಪಟ್ಟು! ಹಲಗೆ ನೋಡಿ ಉತ್ತರ ಹೇಳಲು ಒಂದು ಸೆಕೆಂಡು ಹಿಡಿದರೆ, ಗ್ರಂಥಾಲಯಕ್ಕೆ ಹೋಗಿಬರಲು ಒಂದು ಲಕ್ಷ ಸೆಕೆಂಡು, ಅಂದರೆ ಇಪ್ಪತ್ತೇಳು ಗಂಟೆಗೂ ಹೆಚ್ಚು. ಈಗಿನ ಎಸ್.ಎಸ್.ಡಿ.ಗಳು ಬಹಳ ಚುರುಕು. ಆದರೂ ಅವಕ್ಕೆ ನೂರು ಮೈಕ್ರೊಸೆಕೆಂಡಿನ ಆಸುಪಾಸು ಬೇಕಾಗುವುದರಿಂದ ಇದೇ ಲೆಕ್ಕದಲ್ಲಿ ಹದಿನೇಳು ನಿಮಿಷವಾಗುತ್ತದೆ. ಒಮ್ಮೆ ಬರೆದ ಚಿತ್ರವನ್ನು ಒರೆಸಲು ಮೇಷ್ಟರು ಹಿಂದೆಮುಂದೆ ನೋಡುವುದರಲ್ಲಿ ಆಶ್ಚರ್ಯವಿಲ್ಲ.

ಹಲಗೆಯ ಮೇಲೆ ಮನಬಂದಂತೆ ಬರೆಯುವಂತಿಲ್ಲ, ಚೌಕ ಹಾಕಿಕೊಂಡು ಬರೆಯಬೇಕು. ನಮ್ಮ ಮನೆಗಳಲ್ಲಿರುವ ಸಾಮಾನ್ಯ ಕಂಪ್ಯೂಟರುಗಳಲ್ಲಿ ಒಂದೊಂದು ಚೌಕಕ್ಕೆ 4096 ಬೈಟು. ಇದಕ್ಕೆ ಪೇಜ್, ಅಂದರೆ ಪುಟ, ಎನ್ನುತ್ತಾರೆ. ನಾಲ್ಕು ಗಿಗಾಬೈಟಿಗೆ ಎಷ್ಟು ಪುಟವೆಂದು ಎರಡರ ಘಾತಗಳಲ್ಲಿ ಲೆಕ್ಕ ಹಾಕಿ. ಎರಡರ ಇಪ್ಪತ್ತನೆಯ ಘಾತ, ಅಂದರೆ 10,48,576 ಎಂದು ಬರಬೇಕು. ಇಷ್ಟು ಪುಟಗಳಲ್ಲಿ ಯಾವುದು ಯಾರ ಕೈಯಲ್ಲಿದೆ ಎಂಬ ಹಾಜರಿ ಪುಸ್ತಕವನ್ನೂ ಕರ್ನೆಲ್ ಇಡುತ್ತದೆ. ಇಂದಿನ 64 ಬಿಟ್ ಯಂತ್ರಗಳಲ್ಲಿ ಪುಟವೊಂದರ ನಮೂದಿಗೆ ಸಾಮಾನ್ಯವಾಗಿ 64 ಬೈಟು ಬೇಕು. ಹಾಜರಿ ಪುಸ್ತಕವೇ 64 ಮೆಗಾಬೈಟಾಯಿತು! ನಾಲ್ಕು ಗಿಗಾಬೈಟಿನ ಯಂತ್ರ ಒಟ್ಟು 4096ರ ಬದಲು 3800 ಎಂದು ತೋರಿಸುವುದಕ್ಕೆ ಇಂಥ ಖರ್ಚುಗಳೇ ಕಾರಣ. ಚಿತ್ರ ಮೂಡಿಸುವ ಭಾಗವೂ ಅದರಲ್ಲಿ ತನ್ನ ಪಾಲು ತೆಗೆದುಕೊಂಡಿರುತ್ತದೆ.

ಪುಟಗಳ ಈ ಪದ್ಧತಿ ಲಿನಕ್ಸ್‌ಗಿಂತ ಬಹಳ ಹಳೆಯದು. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಚಾಲನೆಗೆ ಬಂದ ಅಟ್ಲಾಸ್ ಕಂಪ್ಯೂಟರಿನಲ್ಲೇ ಇದು ಇತ್ತು. ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ಲಿನಸ್ ಟೊರ್ವಾಲ್ಡ್ಸ್ ಎಂಬ ಇಪ್ಪತ್ತೊಂದರ ವಿದ್ಯಾರ್ಥಿಯ ಬಳಿ ಇದ್ದದ್ದು 386 ಯಂತ್ರ, ಅದರಲ್ಲಿ ನಾಲ್ಕೇ ಮೆಗಾಬೈಟು ರ್‍ಯಾಮ್. ನಾಲ್ಕು ಗಿಗಾಬೈಟ್ ಅಲ್ಲ, ಮೆಗಾಬೈಟ್! ಆ ವರ್ಷದ ಕೊನೆಯಲ್ಲಿ ಜರ್ಮನಿಯ ಬಳಕೆದಾರರೊಬ್ಬರು ತಮ್ಮಲ್ಲಿ ಎರಡೇ ಮೆಗಾಬೈಟು ಇದೆ, ಕರ್ನೆಲ್ಲನ್ನು ಕಂಪೈಲ್ ಮಾಡಲು ಆಗುತ್ತಿಲ್ಲ ಎಂದು ತೊಂದರೆ ಹೇಳಿಕೊಂಡರು. ಟೊರ್ವಾಲ್ಡ್ಸ್ ಕ್ರಿಸ್‌ಮಸ್ ರಜೆಯಲ್ಲಿ ಕೂತು, ಹಿಡಿಸದ ಪುಟಗಳನ್ನು ಡಿಸ್ಕಿಗೆ ಸಾಗಿಸುವ ವ್ಯವಸ್ಥೆಯನ್ನು ಬರೆದರು. 1992ರ ಜನವರಿಯಲ್ಲಿ ಬಂದ 0.12 ಆವೃತ್ತಿಯಲ್ಲಿ ಅದು ಸೇರಿತು. ರ್‍ಯಾಮ್ ಕೊಳ್ಳಲಾಗದ ಒಬ್ಬರ ಕಷ್ಟದಿಂದ ಹುಟ್ಟಿದ ಸೌಲಭ್ಯ ಅದು ಎಂದಾಗ ಗಿರಣಿಯವರು ಮೊದಲ ಬಾರಿಗೆ ಬೆಂಚಿಗೆ ಒರಗಿ ಕುಳಿತರು.

ಈಗ ಕಷ್ಟದ ಪ್ರಶ್ನೆ. ಹಲಗೆ ತುಂಬಿದೆ, ಹೊಸದನ್ನು ಬರೆಯಬೇಕು. ಯಾವುದನ್ನು ಒರೆಸುವುದು?

ಐ.ಬಿ.ಎಂ.ನಲ್ಲಿದ್ದ ಲಾಸ್ಲೊ ಬೆಲಾಡಿ ಎಂಬವರು 1966ರಲ್ಲಿ ಇದಕ್ಕೆ ಆದರ್ಶವಾದ ಉತ್ತರ ಕೊಟ್ಟರು. ಮುಂದೆ ಯಾವ ಪುಟದ ಅಗತ್ಯ ಎಲ್ಲಕ್ಕಿಂತ ತಡವಾಗಿ ಬೀಳುತ್ತದೋ ಅದನ್ನು ಒರೆಸಿ! ಉತ್ತರವೇನೋ ಸರಿ, ಆದರೆ ಭವಿಷ್ಯ ತಿಳಿಯಬೇಕಲ್ಲ. ಪರೀಕ್ಷೆಗೆ ಬರುವುದನ್ನಷ್ಟೇ ಓದಿ ಎಂದು ಬುದ್ಧಿ ಹೇಳಿದ ಹಾಗಾಯಿತು. ಆದ್ದರಿಂದ ಕಂಪ್ಯೂಟರುಗಳು ಭೂತಕಾಲವನ್ನು ನೋಡಿ ಭವಿಷ್ಯವನ್ನು ಊಹಿಸುತ್ತವೆ. ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಟ ಇನ್ನೂ ಸ್ವಲ್ಪ ಹೊತ್ತು ಬೇಡವಾಗಿರಬಹುದು ಎಂಬುದು ಊಹೆ.

ಲಿನಕ್ಸ್ ಇದಕ್ಕಾಗಿ ಪುಟಗಳ ಎರಡು ಸಾಲು ಇಡುತ್ತ ಬಂದಿದೆ, ಚಟುವಟಿಕೆಯ ಸಾಲು ಮತ್ತು ನಿಶ್ಚಲ ಸಾಲು. ಕಡತದಿಂದ ಓದಿದ ಹೊಸ ಪುಟ ಮೊದಲು ನಿಶ್ಚಲ ಸಾಲಿಗೆ ಸೇರುತ್ತದೆ. ಅಲ್ಲಿರುವಾಗ ಮತ್ತೊಮ್ಮೆ ಯಾರಾದರೂ ಅದನ್ನು ಕೇಳಿದರೆ ಬಡ್ತಿ ಸಿಕ್ಕಿ ಚಟುವಟಿಕೆಯ ಸಾಲಿಗೆ ಹೋಗುತ್ತದೆ. ಯಾರೂ ಕೇಳದಿದ್ದರೆ ಸಾಲಿನ ತುದಿ ತಲುಪಿ ಒರೆಸಿಹೋಗುತ್ತದೆ. ಎರಡು ಸಾಲು ಯಾಕೆ ಬೇಕು? ನೀವು ಎರಡು ಗಿಗಾಬೈಟಿನ ಸಿನಿಮಾ ನೋಡುತ್ತೀರೆನ್ನಿ. ಅದರ ಪ್ರತಿ ಪುಟವೂ ಒಂದೇ ಸಲ ಬೇಕಾಗುವಂಥದ್ದು. ಒಂದೇ ಸಾಲಿದ್ದರೆ ಸಿನಿಮಾದ ಮೆರವಣಿಗೆ ನುಗ್ಗಿ, ದಿನವೂ ಬೇಕಾಗುವ ಪುಟಗಳನ್ನೆಲ್ಲ ಹೊರಗೆ ತಳ್ಳಿಬಿಡುತ್ತಿತ್ತು. ಎರಡು ಸಾಲಿದ್ದರೆ ಮೆರವಣಿಗೆ ಹೊರಗಿನ ಸಾಲಿನಲ್ಲೇ ಹಾದುಹೋಗುತ್ತದೆ. ಯಾರು ಯಾವ ಪುಟವನ್ನು ಮುಟ್ಟಿದರು ಎಂಬುದಕ್ಕೆ ಪ್ರಾಸೆಸರ್ ಕೂಡ ಒಂದು ಬಿಟ್ಟಿನಲ್ಲಿ ಗುರುತು ಹಾಕಿಡುತ್ತದೆ. 2022ರ ಡಿಸೆಂಬರಿನಲ್ಲಿ ಬಂದ 6.1 ಆವೃತ್ತಿಯಿಂದ ಎರಡರ ಬದಲು ಹಲವು ತಲೆಮಾರುಗಳಾಗಿ ಪುಟಗಳನ್ನು ವಿಂಗಡಿಸುವ ಕ್ರಮವೂ ಲಭ್ಯವಿದೆ. ಈ ಒರೆಸುವ ಕೆಲಸ ಅಷ್ಟು ಸುಲಭದ್ದೆಂದು ತಿಳಿಯಬೇಡಿ. 2001ರ ಸೆಪ್ಟೆಂಬರಿನಲ್ಲಿ, 2.4.10 ಆವೃತ್ತಿಯಲ್ಲಿ, ನೆದರ್ಲೆಂಡ್ಸಿನ ರಿಕ್ ವಾನ್ ರೀಲ್ ಕೆಲಸ ಮಾಡಿದ್ದ ಮೆಮೊರಿ ವ್ಯವಸ್ಥೆಯ ಬದಲು ಇಟಲಿಯ ಆಂಡ್ರಿಯಾ ಅರ್ಕಾಂಜೆಲಿಯ ವ್ಯವಸ್ಥೆಯನ್ನು ಟೊರ್ವಾಲ್ಡ್ಸ್ ತಂದು ಕೂರಿಸಿದರು. ಸ್ಥಿರವೆಂದು ಕರೆಸಿಕೊಂಡ ಸರಣಿಯ ನಡುವೆಯೇ ಇಂಜಿನ್ ಬದಲಾಯಿಸಿದ್ದಕ್ಕೆ ದೊಡ್ಡ ಜಗಳವೇ ಆಯಿತು. ಒರೆಸುವುದು ಯಾವುದನ್ನು ಎಂದು ಪಂಡಿತರೂ ಕಿತ್ತಾಡುತ್ತಾರೆ.

ಇಲ್ಲಿಯವರೆಗೆ ಪುಸ್ತಕದಿಂದ ನೋಡಿ ಬರೆದ ಪುಟಗಳ ಮಾತಾಯಿತು. ಒರೆಸುವ ಮುನ್ನ ಯೋಚಿಸಬೇಕಾದ ಪುಟಗಳೂ ಇವೆ. ಹುಡುಗಿಯೊಬ್ಬಳು ಹಲಗೆಯ ಮೇಲೆಯೇ ಹೊಸದಾಗಿ ಲೆಕ್ಕ ಬಿಡಿಸಿದ್ದಾಳೆ, ಪುಸ್ತಕಕ್ಕೆ ಇನ್ನೂ ಇಳಿಸಿಕೊಂಡಿಲ್ಲ. ಈಗ ಒರೆಸಿದರೆ ಹೋಯಿತು. ಹೀಗೆ ಡಿಸ್ಕಿಗೆ ಇಳಿಯದೆ ಉಳಿದ ಪುಟವನ್ನು ಕಂಪ್ಯೂಟರಿನವರು ಕೊಳೆ ಪುಟ ಎಂಬರ್ಥದಲ್ಲಿ 'ಡರ್ಟಿ' ಎನ್ನುತ್ತಾರೆ. ಲಿನಕ್ಸ್ ಅದನ್ನು ಬದಲಾದ ಕೂಡಲೇ ಡಿಸ್ಕಿಗೆ ಬರೆಯುವುದಿಲ್ಲ. ಸಾಮಾನ್ಯ ಏರ್ಪಾಡಿನಲ್ಲಿ ಐದು ಸೆಕೆಂಡಿಗೊಮ್ಮೆ ಎದ್ದು ನೋಡಿ, ಮೂವತ್ತು ಸೆಕೆಂಡಿಗಿಂತ ಹಳೆಯದಾದ ಕೊಳೆ ಪುಟಗಳನ್ನು ಇಳಿಸುತ್ತದೆ. ಬಿಡಿಬಿಡಿಯಾಗಿ ಹತ್ತು ಸಲ ಗ್ರಂಥಾಲಯಕ್ಕೆ ಓಡುವುದಕ್ಕಿಂತ ಒಟ್ಟುಮಾಡಿ ಒಮ್ಮೆ ಹೋಗುವುದು ಲೇಸಲ್ಲವೇ? ಆದರೆ ಈ ಮೂವತ್ತು ಸೆಕೆಂಡಿಗೆ ನಾನೊಮ್ಮೆ ಸರಿಯಾದ ದಂಡ ತೆತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಪೂರ್ವಸಿದ್ಧತಾ ಪರೀಕ್ಷೆಯ ಅಂಕಪಟ್ಟಿಯನ್ನು ಪ್ರಯೋಗಾಲಯದ ಲಿನಕ್ಸ್ ಯಂತ್ರದಲ್ಲಿ ತಯಾರಿಸಿ ಪೆನ್ ಡ್ರೈವಿಗೆ ನಕಲು ಮಾಡಿದೆ. ನಕಲಾಯಿತೆಂದು ಪರದೆಯ ಪಟ್ಟಿ ಮಾಯವಾಯಿತು. ಪಕ್ಕನೆ ಪೆನ್ ಡ್ರೈವ್ ಕಿತ್ತುಕೊಂಡು, ಮನೆಗೆ ಹೊರಡುವ ಅವಸರದಲ್ಲಿ ಯಂತ್ರದಲ್ಲಿದ್ದ ಮೂಲ ಕಡತವನ್ನೂ ಅಳಿಸಿಬಿಟ್ಟೆ. ಮಾರನೆಯ ದಿನ ಕಚೇರಿಯಲ್ಲಿ ತೆರೆದರೆ ಹೆಸರಷ್ಟೇ ಇದೆ, ಒಳಗೆ ಸೊನ್ನೆ ಬೈಟು! ಪರದೆಯ ಪಟ್ಟಿ ಹೇಳಿದ್ದು ಹಲಗೆಯ ಮೇಲೆ ಬರೆದಾಯಿತು ಎಂದಷ್ಟೇ. ಪುಸ್ತಕಕ್ಕೆ ಇಳಿಯುವ ಮುನ್ನ ನಾನು ಪುಸ್ತಕವನ್ನೇ ಎಳೆದುಕೊಂಡು ಓಡಿದ್ದೆ. ಅರವತ್ತನಾಲ್ಕು ಮಕ್ಕಳ ಆರು ವಿಷಯಗಳ ಅಂಕಗಳನ್ನು ಉತ್ತರಪತ್ರಿಕೆ ನೋಡಿಕೊಂಡು ರಾತ್ರಿ ಹನ್ನೊಂದೂವರೆಯವರೆಗೆ ಮತ್ತೆ ತುಂಬಿದೆ. ಆ ದಿನದಿಂದ 'ಇಜೆಕ್ಟ್' ಒತ್ತದೆ ಪೆನ್ ಡ್ರೈವ್ ಮುಟ್ಟುವುದಿಲ್ಲ. ಟರ್ಮಿನಲ್ಲಿನಲ್ಲಿ 'ಸಿಂಕ್' ಎಂದು ಟೈಪ್ ಮಾಡಿದರೂ ಕೊಳೆ ಪುಟಗಳೆಲ್ಲ ಕೂಡಲೇ ಇಳಿಯುತ್ತವೆ. ಅದು ಮುಗಿದು ಮತ್ತೆ ಸಾಲು ಬರುವವರೆಗೆ ಕಾಯಬೇಕು.

ಇನ್ನೊಂದು ಬಗೆಯ ಪುಟಗಳಿವೆ. ಲೆಕ್ಕದ ನಡುವಿನ ಕಚ್ಚಾ ಕೆಲಸ ಯಾವ ಪುಸ್ತಕಕ್ಕೂ ಸೇರಿದ್ದಲ್ಲ, ಆದರೆ ಲೆಕ್ಕ ಮುಗಿಯುವವರೆಗೆ ಬೇಕು. ಹಲಗೆಯಲ್ಲಿ ಜಾಗ ಸಾಲದಾದಾಗ ಇವನ್ನು ರಫ್ ಪುಸ್ತಕಕ್ಕೆ ಬರೆದಿಟ್ಟು ಒರೆಸಬೇಕು. ಡಿಸ್ಕಿನಲ್ಲಿರುವ ಆ ರಫ್ ಪುಸ್ತಕವೇ ಸ್ವಾಪ್. ಜರ್ಮನಿಯವರಿಗಾಗಿ ಬರೆದದ್ದು ಇದನ್ನೇ. ಅದೂ ತುಂಬಿತೆನ್ನಿ? ಮದುವೆಗೆ ಸಾವಿರ ಜನರನ್ನು ಕರೆದು ಮುನ್ನೂರು ಎಲೆಯ ಪಂಕ್ತಿ ಹಾಕುವವರಂತೆ, ಎಲ್ಲರೂ ಒಟ್ಟಿಗೆ ಬರಲಾರರೆಂದು ಲಿನಕ್ಸ್ ಪ್ರೋಗ್ರಾಮುಗಳಿಗೆ ಇರುವುದಕ್ಕಿಂತ ಹೆಚ್ಚು ಮೆಮೊರಿಯ ಭರವಸೆ ಕೊಟ್ಟಿರುತ್ತದೆ. ಎಲ್ಲರೂ ಒಟ್ಟಿಗೇ ಬಂದುಬಿಟ್ಟರೆ ಹೆಚ್ಚು ಜಾಗ ಹಿಡಿದು ಕೂತವನನ್ನು ಹುಡುಕಿ ಪಂಕ್ತಿಯಿಂದ ಎಬ್ಬಿಸುತ್ತದೆ. ಆ ಪ್ರೋಗ್ರಾಮು ಅಲ್ಲಿಗೆ ಮುಗಿಯಿತು. ಕ್ರೂರವೇ ಹೌದು, ಆದರೆ ಇಡೀ ಯಂತ್ರ ನಿಂತುಹೋಗುವುದು ತಪ್ಪುತ್ತದೆ.

ಮಾತು ಸಾಕು, ಮಾಡಿ ತೋರಿಸೋಣವೆಂದು ಸಂಜೆ ಅವರ ಮನೆಗೇ ಹೋದೆ. ಯಂತ್ರವನ್ನು ಆರಿಸಿ ಮತ್ತೆ ಹಾಕಿದಾಗ ಬಳಕೆ 600, ಖಾಲಿ 2650, ಕ್ಯಾಶ್ 550. ಲಿಬ್ರೆ ಆಫೀಸ್ ತೆರೆಯಲು ಹೇಳಿ ಗಡಿಯಾರ ಹಿಡಿದೆ. ಹದಿನೇಳು ಸೆಕೆಂಡು. ಮುಚ್ಚಿಸಿ, ಮತ್ತೆ ತೆರೆಸಿದೆ. ನಾಲ್ಕೇ ಸೆಕೆಂಡು! ಮತ್ತೆ ಮುಚ್ಚಿ ಲೆಕ್ಕ ನೋಡಿದರೆ ಬಳಕೆ 610, ಖಾಲಿ 2390, ಕ್ಯಾಶ್ 800. ಪ್ರೋಗ್ರಾಮು ಮುಚ್ಚಿದರೂ ಕ್ಯಾಶ್ ಇಳಿದಿಲ್ಲ. ಉಳಿದ ಹದಿಮೂರು ಸೆಕೆಂಡು ಅಲ್ಲಿಂದಲೇ ಬಂದದ್ದು. "ಹಂಗಾದ್ರೆ ತುಂಬಿಕೊಂಡಷ್ಟೂ ಚುರುಕೇ?" ಎಂದರು ತಂದೆ.

ಹೌದು ಎಂದು ಸುಮ್ಮನೆ ಒಪ್ಪಿಬಿಡುವಂತಿಲ್ಲ. ಕ್ಯಾಶ್‌ನಲ್ಲಿರುವುದೆಲ್ಲ ಒರೆಸಲು ಬರುವಂಥದ್ದಲ್ಲ. ಪ್ರೋಗ್ರಾಮುಗಳು ಹಂಚಿಕೊಂಡಿರುವ ಕೆಲವು ಪುಟಗಳೂ ಅದೇ ಲೆಕ್ಕದಲ್ಲಿ ಸೇರಿರುತ್ತವೆ. ಹಿಂದೆ ಜನ ಖಾಲಿಯನ್ನೂ ಕ್ಯಾಶನ್ನೂ ಕೂಡಿ ಅಂದಾಜು ಮಾಡುತ್ತಿದ್ದರು, ಅದು ತಪ್ಪುತ್ತಿತ್ತು. ಆದ್ದರಿಂದ 2014ರಲ್ಲಿ ಬಂದ 3.14 ಆವೃತ್ತಿಯಿಂದ ಕರ್ನೆಲ್ಲೇ ಅಂದಾಜು ಮಾಡಿ 'ಲಭ್ಯ' ಎಂಬ ಅಂಕಿಯನ್ನು ಕೊಡುತ್ತಿದೆ. ಸ್ವಾಪ್‌ಗೆ ಕೈಹಾಕದೆ ಹೊಸ ಪ್ರೋಗ್ರಾಮುಗಳಿಗೆ ಎಷ್ಟು ಕೊಡಬಹುದೆಂಬ ಅಂದಾಜು ಅದು. ನೋಡಬೇಕಾದದ್ದು ಆ ಕೊನೆಯ ಅಂಕಿಯನ್ನು. ಹುಡುಗನ ಚೀಟಿಯಲ್ಲಿ ಅದು 2380 ಇತ್ತು, ಅಂದರೆ ಒಟ್ಟಿನ ಅರ್ಧಕ್ಕಿಂತ ಹೆಚ್ಚು.

ಹಾಗೆಂದು ರ್‍ಯಾಮ್ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಲಭ್ಯದ ಅಂಕಿ ಸದಾ ನೂರು ಇನ್ನೂರರ ಸುತ್ತ ಇದ್ದು, ಡಿಸ್ಕಿನ ದೀಪ ಒಂದೇ ಸಮನೆ ಮಿನುಗುತ್ತ, ಮೌಸ್ ಕೂಡ ತಡವರಿಸುತ್ತಿದ್ದರೆ ನಿಜಕ್ಕೂ ಕೊರತೆಯಿದೆ. 'ವಿಎಂಸ್ಟ್ಯಾಟ್ 5' ಎಂದು ಕೊಟ್ಟರೆ ಐದು ಸೆಕೆಂಡಿಗೊಂದು ಸಾಲು ಬರುತ್ತದೆ. ಅದರಲ್ಲಿ 'ಎಸ್ಐ', 'ಎಸ್ಒ' ಎಂಬ ಎರಡು ಕಂಬಸಾಲುಗಳು ರಫ್ ಪುಸ್ತಕದಿಂದ ಬಂದದ್ದನ್ನೂ ಅದಕ್ಕೆ ಹೋದದ್ದನ್ನೂ ಹೇಳುತ್ತವೆ. ಮೊದಲ ಸಾಲನ್ನು ಬಿಡಿ, ಅದು ಯಂತ್ರ ಹಾಕಿದಾಗಿನಿಂದ ಸರಾಸರಿ. ಹುಡುಗನಿಗೆ ದಿನನಿತ್ಯ ಬಳಸುವುದನ್ನೆಲ್ಲ ತೆರೆಯಲು ಹೇಳಿದೆ. ಪಾಠದ ವಿಡಿಯೊ, ಬ್ರೌಸರಿನಲ್ಲಿ ಒಂಬತ್ತು ಪುಟ, ಟಿಪ್ಪಣಿಯ ಕಡತ. ಲಭ್ಯ ಒಂದು ಸಾವಿರದ ಆಸುಪಾಸಿಗೆ ಇಳಿಯಿತು. ಆ ಎರಡು ಕಂಬಸಾಲು ಮಾತ್ರ ಹತ್ತು ನಿಮಿಷವೂ ಸೊನ್ನೆಯಲ್ಲೇ ನಿಂತಿದ್ದವು. ಯಂತ್ರ ನಿಧಾನವೆನಿಸುತ್ತಿದ್ದದ್ದು ಬೆಳಿಗ್ಗೆ ಹಾಕಿದಾಗ, ಆ ಹಳೆಯ ಹಾರ್ಡ್ ಡಿಸ್ಕಿನಿಂದ. ಖರ್ಚು ಮಾಡಲೇಬೇಕೆಂದಿದ್ದರೆ ಎಸ್.ಎಸ್.ಡಿ.ಗೆ ಮಾಡಿ, ಅವಸರವೇನಿಲ್ಲ ಎಂದೆ.

ಪೋಷಕರು ಇದನ್ನು ಮೊಬೈಲಿಗೂ ಅನ್ವಯಿಸಿಕೊಳ್ಳಬಹುದು. ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ. ಮೆಮೊರಿ ಸ್ವಚ್ಛ ಮಾಡುತ್ತೇವೆನ್ನುವ ಆ್ಯಪ್‌ಗಳನ್ನು ಹಾಕಿಕೊಂಡು ಗಂಟೆಗೊಮ್ಮೆ ಒತ್ತುವವರಿದ್ದಾರೆ. ಅದು ಪಾಠದ ನಡುವೆ ಹಲಗೆ ಒರೆಸಿದ ಹಾಗೆ. ಜಾಗ ಬೇಕಾದಾಗ ಫೋನು ತಾನೇ ಒರೆಸಿಕೊಳ್ಳುತ್ತದೆ. ನಾವು ಒರೆಸಿದ್ದನ್ನು ಮತ್ತೆ ಬರೆಯಲು ಬ್ಯಾಟರಿಯೂ ಹೊತ್ತೂ ಖರ್ಚು.

ಗಿರಣಿಯವರು ಹೊರಡುವಾಗ ಕಾಫಿ ಕೊಟ್ಟು, ಮಗನ ಕಡೆ ನೋಡದೆಯೇ, "ಏನೋ, ಆ ಲಿನಕ್ಸ್ ಇರಲಿ ಬಿಡು" ಎಂದರು. ಹುಡುಗ ಮೊನ್ನೆ ಮತ್ತೊಂದು ಚೀಟಿ ಹಿಡಿದು ಬಂದಿದ್ದ. "ಸಾರ್, ಖಾಲಿ 900 ಇದೆ, ಆದ್ರೂ ಸ್ವಾಪ್‌ನಲ್ಲಿ 40 ಮೆಗಾಬೈಟು ಕೂತಿದೆ. ಯಾಕೆ ವಾಪಸ್ ತಂದಿಲ್ಲ?" ಎಂದ. ಒಳ್ಳೆಯ ಪ್ರಶ್ನೆ. ಯಾವಾಗಲೋ ಜಾಗ ಇಕ್ಕಟ್ಟಾದಾಗ ಹೋದ ಪುಟಗಳವು. ಆಮೇಲೆ ಅವನ್ನು ಯಾರೂ ಕೇಳಿಲ್ಲ. ಕೇಳದಿರುವುದನ್ನು ರಫ್ ಪುಸ್ತಕದಿಂದ ಹಲಗೆಗೆ ಏರಿಸುವ ಗೋಜಿಗೆ ಕರ್ನೆಲ್ ಹೋಗುವುದಿಲ್ಲ. ಎಸ್ಐ, ಎಸ್ಒ ಎಷ್ಟಿದೆ ನೋಡಿದೆಯಾ ಎಂದೆ. ನೋಡಿದ್ದ. ಎರಡೂ ಸೊನ್ನೆ.